ಕೊಳದಯ್ಯನ ಮೀಸೆ ಮತ್ತು ಬಾಲ್ಕನಿಯ ಮೀನು

ಕೊಳದಯ್ಯನ ಮೀಸೆಯಂಥ ಮೀಸೆ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಅದರ ಎಡತುದಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಬಲತುದಿ ಇನ್ನೂ ಮನೆಯೊಳಗೆ ಚಪ್ಪಲಿ ಹುಡುಕುತ್ತಿರುತ್ತಿತ್ತು. ಊರಿನ ಈಜುಕೊಳದ ನೀರು ನೋಡಿಕೊಳ್ಳುವುದು ಅವನ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ಬೇರೆ ಕೊಳಗಳಲ್ಲಿ ಕಾವಲಿನವರು ಸೀಟಿ ಊದಿ ಊದಿ ಕೆನ್ನೆ ಊದಿಸಿಕೊಳ್ಳುತ್ತಿದ್ದರೆ, ಇಲ್ಲಿ ಕೊಳದಯ್ಯ ಮೀಸೆಯ ಒಂದು ತುದಿಯನ್ನು ಮೇಲಕ್ಕೆ ತಿರುವಿದರೆ ಸಾಕಿತ್ತು. ಹಾರುಹಲಗೆಯಿಂದ ಕುಪ್ಪಳಿಸಿದ ಪಡ್ಡೆಗಳು ಗಾಳಿಯಲ್ಲೇ ಮನಸ್ಸು ಬದಲಾಯಿಸಿ ಹಲಗೆಗೆ ವಾಪಸಾಗುತ್ತಿದ್ದರು.

ಮೂಗೂ ಮೀಸೆಗೆ ತಕ್ಕ ಜೋಡಿ. ಮೂರು ಬೀದಿ ಆಚೆ ಯಾರಾದರೂ ನಲ್ಲಿ ತಿರುಗಿಸಿದರೆ ಆ ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ಕೂತಲ್ಲೇ ಮೂಸಿ ಹೇಳುತ್ತಿದ್ದ. ದಿನಾ ಬೆಳಿಗ್ಗೆ ಕೊಳಕ್ಕೆ ಕ್ಲೋರಿನ್ ಪುಡಿ ಸುರಿದು, ಉದ್ದ ಕೋಲಿನ ಬಲೆಯಿಂದ ಕಸ ಗೋರಿ, ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಿ, ಪರೀಕ್ಷೆಯ ಕಾಗದದ ಪಟ್ಟಿಯನ್ನು ಅದ್ದಿ ಬಣ್ಣ ನೋಡಿ ತಲೆದೂಗುತ್ತಿದ್ದ. ಪಾಚಿಯ ಮಾತಿರಲಿ, ಪಾಚಿಬಣ್ಣದ ಅಂಗಿ ತೊಟ್ಟವರನ್ನೂ ಅವನು ಕೊಳಕ್ಕೆ ಬಿಡುತ್ತಿರಲಿಲ್ಲ. ತಳಕ್ಕೆ ಬಿದ್ದ ಸೂಜಿಗೆ ದಡದ ಮೇಲೆ ನಿಂತೇ ದಾರ ಪೋಣಿಸಬಹುದಿತ್ತು; ಅಷ್ಟು ತಿಳಿನೀರು.

ಇಂಥವನ ಕಣ್ಣಿಗೆ ಮುಳ್ಳಾಗಿ ಕೂತಿದ್ದದ್ದು ಭಾವಮೈದನ ಕಟಿಂಗ್ ಶಾಪಿನ ಮೀನಿನ ತೊಟ್ಟಿ. ಭಾವಮೈದನೆಂದರೆ ಹೆಂಡತಿಯ ತಮ್ಮ. ಅವನ ಕ್ರಾಪೂ ಸಾಮಾನ್ಯದ್ದಲ್ಲ. ಬಾಚಿ ಬಾಚಿ ಅದನ್ನು ಎಷ್ಟೆತ್ತರಕ್ಕೆ ಏರಿಸಿದ್ದನೆಂದರೆ ಅವನು ಬಾಗಿಲು ದಾಟಲು ಮಂಡಿಯೂರಬೇಕಿತ್ತು. ಪಾರಿವಾಳಗಳು ಒಂದೆರಡು ಸಲ ಬಂದು ಬಾಡಿಗೆ ವಿಚಾರಿಸಿಕೊಂಡು ಹೋಗಿದ್ದವು. ಆದರೆ ತೊಟ್ಟಿಯನ್ನು ಅವನು ತೊಳೆದು ಯಾವ ಕಾಲವಾಗಿತ್ತೋ! ಗಾಜು ಹಸಿರು, ಕಲ್ಲು ಕಂದು, ನೀರು ಸೋಸುವ ಸ್ಪಂಜು ಮಳೆಯಲ್ಲಿ ನೆನೆದ ಹಳೇ ಕಂಬಳಿಯಂತೆ.

“ಏನೋ ಇದು, ಮೀನಿನ ತೊಟ್ಟೀನೋ ಮೋರೀನೋ?” ಎಂದು ಕೊಳದಯ್ಯ ಒಂದು ಮಧ್ಯಾಹ್ನ ಶಾಪಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟ.

“ಮೀನಿಗೇನೂ ಕಷ್ಟ ಇಲ್ಲ ಭಾವ. ನಿಮಗ್ಯಾಕೆ?”

“ಕಷ್ಟ ಅಂತ ಹೇಳೋಕೆ ಪಾಪ ಅವಕ್ಕೆ ಮಾತು ಬರಬೇಕಲ್ಲ! ಒಂದರ ಮುಖ ಒಂದು ನೋಡಿ ಎಷ್ಟು ವರ್ಷ ಆಯ್ತೋ.”

“ಅಷ್ಟು ಗೊತ್ತಿದ್ರೆ ನೀವೇ ಸಾಕಿ ತೋರಿಸಿ ನೋಡೋಣ.”

“ಸಾಕೋದೇನು ಬಂತು, ಮೀನಿನ ತಲೆ ಮೇಲೆ ತೋಟಾನೇ ಮಾಡ್ತೀನಿ. ಅಕ್ವಾಪೋನಿಕ್ಸ್ ಅಂತಾರೆ ಅದಕ್ಕೆ. ಕೆಳಗೆ ಮೀನು, ಮೇಲೆ ಕಲ್ಲಿನ ತಟ್ಟೆ, ಕಲ್ಲಲ್ಲಿ ಸೊಪ್ಪು. ಮೀನಿನ ನೀರು ಗಿಡಕ್ಕೆ ಗೊಬ್ಬರ, ಗಿಡ ಸೋಸಿದ ನೀರು ತಿರುಗಿ ಮೀನಿಗೆ. ಮಣ್ಣೇ ಬೇಡ. ಮೊಬೈಲಲ್ಲಿ ನೋಡಿದೀನಿ.”

ಭಾವಮೈದನ ಕೈಯಲ್ಲಿದ್ದ ಕತ್ತರಿ ತಾನಾಗಿಯೇ ಎರಡು ಸಲ ಕಚಕ್ ಎಂದಿತು. ಆ ಮೀಸೆಯ ಮೇಲೆ ಅವನ ಕಣ್ಣು ಬಿದ್ದದ್ದು ಅಕ್ಕನ ಮದುವೆಯ ದಿನ. ಅಂದಿನಿಂದ ಕಣ್ಣು ವಾಪಸು ಬಂದಿರಲಿಲ್ಲ.

“ಆಗಲಿ ಭಾವ. ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಆ ಸೊಪ್ಪು ಅವರ ತಟ್ಟೆಗೆ ಬರಬೇಕು. ಅಲ್ಲೀತನಕ ಒಂದು ಮೀನೂ ಸಾಯಬಾರದು. ಆಗದೇ ಹೋಯ್ತೋ, ನಿಮ್ಮ ಮೀಸೆ ಈ ಕುರ್ಚೀಲಿ ಇಳೀಬೇಕು. ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ.”

“ಗೆದ್ದರೆ?”

“ನನ್ನ ಕ್ರಾಪು ನಿಮ್ಮದು. ನೀವೇ ಕತ್ತಿ ಹಿಡಿದು ನುಣ್ಣಗೆ ಬೋಳಿಸಿ!”

ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನೇ ಸಾಕ್ಷಿ. ಪಣ ಬಿತ್ತು.

ಸಂಜೆ ಮನೆಯಲ್ಲಿ ಸುದ್ದಿ ಸಿಡಿಯಿತು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಮುಗಿಸಿ ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. “ಮೀಸೇನ ಪಣಕ್ಕಿಟ್ರಾ? ನನ್ನನ್ನ ಒಂದು ಮಾತು ಕೇಳಬಾರದಾ ರೀ? ಇಷ್ಟು ವರ್ಷ ಅದಕ್ಕೆ ಎಣ್ಣೆ ಹಚ್ಚಿದೋಳು ನಾನು. ಅದರಲ್ಲಿ ನನಗೂ ಅರ್ಧ ಪಾಲಿದೆ!”

“ನಾನು ಯಾವ ಕಡೆ ಅಂತ ಕೇಳಬೇಡಿ” ಎಂದರು ಅವರ ಜೊತೆಯಲ್ಲೇ ಇದ್ದ ಅತ್ತೆ. “ಈ ಕಡೆ ಅಳಿಯ, ಆ ಕಡೆ ಮಗ. ಯಾರ ಕೂದಲು ಹೋದ್ರೂ ಮನೆ ಗುಡಿಸೋದು ಸಲೀಸು. ಆದರೆ ಬಾಲ್ಕನೀಲಿ ನನ್ನ ಕುರ್ಚಿ ಅಲ್ಲಾಡಿಸಿದ್ರೆ ಮಾತ್ರ ನೋಡಿ ಅಳಿಯಂದ್ರೇ!”

ಕುರ್ಚಿಯನ್ನು ಅಲ್ಲಾಡಿಸಲಿಲ್ಲ, ಸ್ವಲ್ಪ ಎತ್ತಿ ಸರಿಸಲಾಯಿತು. ಆ ಜಾಗದಲ್ಲಿ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು ಬಂದು ಕೂತಿತು. ಅದರ ಅರ್ಧ ಬಾಯಿಯ ಮೇಲೆ ಬೆಣಚುಕಲ್ಲು ತುಂಬಿದ ತಟ್ಟೆ. ನೀರನ್ನು ಮೇಲಕ್ಕೆತ್ತಲು ಪುಟ್ಟ ಪಂಪು. ಗುಳುಗುಳು ಗಾಳಿ ಬಿಡಲು ಇನ್ನೊಂದು ಯಂತ್ರ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಮೀನಿಗೆ ಅದು ಆಗದು ಎಂಬುದು ಕೊಳದಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಡ್ರಮ್ಮು ತುಂಬಿಸಿ, ಬಾಯಿ ತೆರೆದಿಟ್ಟು, ಗಾಳಿ ಬಿಟ್ಟು, ವಾಸನೆ ಪೂರ್ತಿ ಹೋಗುವ ತನಕ ಕಾದ. ಕ್ಲೋರಿನ್ ಇದ್ದರೆ ನೇರಳೆಗೆ ತಿರುಗುವ ಪಟ್ಟಿ ಅದ್ದಿದರೆ ಬಿಳಿಗೆ ಬಿಳಿ. ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಹದ. “ಇಂಥ ನೀರಲ್ಲಿ ಮೀನೇನು, ನಾನೇ ಸಂಸಾರ ಹೂಡಬಹುದು!” ಎಂದು ಮೀಸೆ ತಿರುವಿದ ರಭಸಕ್ಕೆ ಎದುರು ಮನೆಯ ಬಟ್ಟೆಗಳು ಒಣಗಿ ಗರಿಗರಿಯಾದವು.

ಮೀನಿನ ಅಂಗಡಿಯಾಕೆ, “ಅವಸರ ಬೇಡಣ್ಣ, ಹೊಸ ನೀರು ಹದಕ್ಕೆ ಬರೋಕೆ ವಾರಗಟ್ಟಲೆ ಬೇಕು. ಸದ್ಯಕ್ಕೆ ಎರಡೇ ಮೀನು ಸಾಕು” ಎಂದಳು. “ನೀರಿನ ಮಾತು ನನಗೇ ಹೇಳ್ತೀಯಲ್ಲಮ್ಮ!” ಎಂದು ನಕ್ಕು ಆರು ಬಂಗಾರದ ಮೀನು ತಂದ. ಆಕೆ ಹಟ ಮಾಡಿ ಪರೀಕ್ಷೆಯ ಹನಿಗಳ ಶೀಶೆಯನ್ನೂ ಚೀಲಕ್ಕೆ ಹಾಕಿದ್ದಳು. ತೊಟ್ಟಿಯ ನೀರಿಗೆ ಹನಿ ಬಿಟ್ಟಾಗ ಹಳದಿಯಾದರೆ ಕ್ಷೇಮ, ಹಸಿರಾದರೆ ಮೀನಿನ ಹೊಲಸಿನಿಂದ ಅಮೋನಿಯಾ ವಿಷ ಏರಿದೆ ಎಂದರ್ಥ.

ಅತ್ತೆ ಡ್ರಮ್ಮಿನೊಳಗೆ ಇಣುಕಿ, ಎಲ್ಲಕ್ಕಿಂತ ದಪ್ಪನೆಯ, ಸುಮ್ಮಸುಮ್ಮನೆ ಬಾಯಿ ತೆರೆದು ಮುಚ್ಚುವ ಮೀನಿಗೆ ‘ಅಳಿಯ’ ಎಂದು ಹೆಸರಿಟ್ಟರು. ಕೊಳದಯ್ಯ ಮೊದಲು ಮುಖ ಸಿಂಡರಿಸಿದ. ಆದರೆ ಆ ಮೀನು ಅವನ ಹೆಜ್ಜೆ ಸಪ್ಪಳ ಕೇಳಿದೊಡನೆ ನೀರಿನ ಮೇಲಕ್ಕೆ ಬಂದು ಬಾಲ ಕುಣಿಸತೊಡಗಿದ ಮೇಲೆ ಅವನ ಎದೆ ಬೆಣ್ಣೆಯಾಯಿತು. ಕೊಳದಲ್ಲಿ ಸಾವಿರ ಜನ ಅವನಿಗೆ ಹೆದರುತ್ತಿದ್ದರು. ಅವನನ್ನು ಕಂಡು ಕುಣಿದ ಮೊದಲ ಜೀವ ಇದೇ.

ಇನ್ನು ಕೇಳಬೇಕೇ! ದಿನಾ ಸಂಜೆ ಕೊಳದಿಂದ ನೇರ ಬಾಲ್ಕನಿಗೆ. ಕೊಳದ ಬಲೆ, ಕೊಳದ ಬ್ರಷ್ಷು, ಕೊಳದ ಬಕೆಟ್ಟು ಎಲ್ಲವೂ ಹೆಗಲ ಮೇಲೆ. ತಟ್ಟೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಹಲ್ಲುಜ್ಜಿಸಿದಂತೆ ಉಜ್ಜಿ, ವಜ್ರದ ವ್ಯಾಪಾರಿಗಳು ಬೀದಿಯಲ್ಲಿ ಸಾಲುಗಟ್ಟುವಂತೆ ಹೊಳೆಯಿಸಿದ. ಕೊನೆಗೆ ಡ್ರಮ್ಮಿನ ಮೇಲೆ ಬಗ್ಗಿ ನೀರನ್ನು ದೀರ್ಘವಾಗಿ ಮೂಸಿ, ಅಳಿಯನಿಗೆ ನಾಲ್ಕು ಮುದ್ದು ಮಾತಾಡಿ ಏಳುತ್ತಿದ್ದ.

ಇಷ್ಟು ಸೇವೆ ನಡೆದರೂ ಪರೀಕ್ಷೆಯ ಹನಿ ಹಸಿರಾಯಿತು. ಮರುದಿನ ಗಿಳಿಹಸಿರು. ಮೀನುಗಳು ನೀರಿನ ಮೇಲಕ್ಕೆ ಬಂದು ಏದುಸಿರು ಬಿಡತೊಡಗಿದವು. ಕೊಳದಯ್ಯ ಊಟ ಕಡಿಮೆ ಮಾಡಿದ, ಹದ ಮಾಡಿಟ್ಟ ಹೊಸ ನೀರಿಗೆ ಅರ್ಧರ್ಧ ಬದಲಾಯಿಸಿದ. ಸಂಜೆಗೆ ಕೊಂಚ ಹಳದಿ, ಬೆಳಿಗ್ಗೆ ಮತ್ತೆ ಹಸಿರು. ಮೇಲೆ ಕಲ್ಲಿನಲ್ಲಿ ನೆಟ್ಟಿದ್ದ ಲೆಟ್ಯೂಸ್ ಸೊಪ್ಪಿನ ಸಸಿಗಳು ಕಾಮಾಲೆ ಹಿಡಿದವರಂತೆ ಮುದುಡಿ ಕೂತವು.

ಭಾವಮೈದ ತಪ್ಪದೆ ಬರುತ್ತಿದ್ದ. ಕೈಯಲ್ಲಿ ಅಳತೆಪಟ್ಟಿ.

“ಸ್ವಲ್ಪ ಮುಖ ಈ ಕಡೆ ತಿರುಗಿಸಿ ಭಾವ. ಚೌಕಟ್ಟಿನವನು ಉದ್ದ ಎಷ್ಟು ಅಂತ ಕೇಳ್ತಿದಾನೆ.”

“ನಡೆಯೋ ಆಚೆ! ಮೀನಿನ್ನೂ ಬದುಕಿವೆ.”

“ಬದುಕಿವೆ, ಬದುಕಿವೆ. ಬಾಯಿ ಬಿಟ್ಟು ನನ್ನನ್ನೇ ಕೂಗ್ತಿವೆ!”

ಅವನು ಮೆಟ್ಟಿಲಿಳಿದ ಮೇಲೆ ಹೆಂಡತಿ ಗಂಡನ ಕೈಯಿಂದ ಬ್ರಷ್ಷು ಕಸಿದುಕೊಂಡಳು. “ರೀ, ಕೂತ್ಕೊಳ್ಳಿ. ನೀವು ಅರ್ಧ ನೋಡಿ ಎದ್ದ ವಿಡಿಯೋನ ನಾನು ಪೂರ್ತಿ ನೋಡಿದೆ. ನಮ್ಮ ಬೇಕರೀಲಿ ಹುಳಿಹಿಟ್ಟಿನ ಜಾಡಿ ಇದೆಯಲ್ಲ, ಅದನ್ನ ದಿನಾ ಸೋಪು ಹಾಕಿ ತಿಕ್ಕಿದ್ರೆ ಮಾರನೇ ದಿನ ಬ್ರೆಡ್ಡು ಉಬ್ಬುತ್ತಾ?”

“ಹೇಗೆ ಉಬ್ಬುತ್ತೆ? ಉಬ್ಬಿಸೋ ಜೀವಗಳೇ ಸತ್ತಿರ್ತವಲ್ಲ.”

“ಇಲ್ಲೂ ಅಷ್ಟೇ. ಕಲ್ಲಿಗೆ ಅಂಟೋ ಲೋಳೇಲಿ ಕಣ್ಣಿಗೆ ಕಾಣದ ಜೀವಗಳಿರ್ತವೆ. ಒಂದು ಗುಂಪು ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತೆ. ಅದೂ ವಿಷಾನೇ. ಇನ್ನೊಂದು ಗುಂಪು ಆ ನೈಟ್ರೈಟ್ ತಿಂದು ನೈಟ್ರೇಟ್ ಮಾಡುತ್ತೆ. ಅದು ಗಿಡಕ್ಕೆ ಊಟ. ಅವು ಬೇರೂರೋಕೇ ವಾರಗಟ್ಟಲೆ ಬೇಕು. ನೀವು ದಿನಾ ಸಂಜೆ ಕ್ಲೋರಿನ್ ಮೆತ್ತಿದ ಬ್ರಷ್ಷು ತಂದು ಎರಡೂ ಗುಂಪಿನ ವಂಶ ನಿರ್ವಂಶ ಮಾಡ್ತೀರಿ.”

ಕೊಳದಯ್ಯನಿಗೆ ನಿಂತ ನೆಲ ನೀರಾಯಿತು. “ಅಂದ್ರೆ ನಾನು ಕೊಳೆ ಸಾಕಬೇಕಾ? ನಾನು? ಕೊಳದಯ್ಯ?”

“ಹೂಂ ರೀ. ಮೀನಿಗಿಂತ ಮುಂಚೆ ಕೊಳೆ ಸಾಕಬೇಕು.”

ಬ್ರಷ್ಷು, ಬಲೆ, ಬಕೆಟ್ಟು ಆವತ್ತೇ ಕೊಳಕ್ಕೆ ಗಡೀಪಾರಾದವು. ಕಲ್ಲಿನ ಮೇಲೆ ತೆಳುವಾಗಿ ಲೋಳೆ ಕಂಡಾಗ ಕೊಳದಯ್ಯನ ಬೆರಳುಗಳು ತಿಕ್ಕಲು ತವಕಿಸಿದವು. ಅವನು ಕೈಗಳ ಮೇಲೆ ಕೂತುಕೊಂಡ. ಕೈಯನ್ನು ಮೊಣಕೈತನಕ ತೊಳೆಯದೆ ಬಾಲ್ಕನಿಗೆ ಕಾಲಿಡಲಿಲ್ಲ. ಇಷ್ಟಾದರೂ ಹನಿ ಹಸಿರೇ. ಹುಟ್ಟುಹಬ್ಬ ಹತ್ತಿರಾಗುತ್ತಿತ್ತು, ಚೌಕಟ್ಟು ತಯಾರಾಗಿ ಶಾಪಿನ ಗೋಡೆಗೆ ಮೊಳೆಯೂ ಬಿದ್ದಿತ್ತು.

ಭಾನುವಾರ ಮಧ್ಯಾಹ್ನ ಕೊಳದಯ್ಯ ಬೆಳಗಿನ ಪಾಳಿ ಮುಗಿಸಿ ಬಂದು, ಎಂದಿನಂತೆ ಡ್ರಮ್ಮಿನ ಮೇಲೆ ಬಗ್ಗಿ, ಮೂಸಿ, ಮಾತಾಡಿಸಿ, ಒಳಗೆ ಹೋಗಿ ಮಲಗಿದ. ಸರಿಸಿದ ಕುರ್ಚಿಯಲ್ಲಿ ಕೂತೇ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು.

“ಮಗಳೇ, ಬಾ ಇಲ್ಲಿ. ನಿನ್ನ ಗಂಡ ಬಗ್ಗಿದಾಗೆಲ್ಲ ಮೀಸೆ ಎರಡೂ ತುದಿ ನೀರಲ್ಲಿ ಅದ್ದುತ್ತಲ್ಲೇ. ಅದನ್ನ ಯಾವತ್ತಾದ್ರೂ ತೊಳೀತಾರಾ?”

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ತುದಿಗಾಲಲ್ಲಿ ಒಳಗೆ ಹೋದರು. ಕೊಳದಯ್ಯನ ಗೊರಕೆಗೆ ಮೀಸೆ ಪಟಪಟ ಹಾರುತ್ತಿತ್ತು. ಅತ್ತೆ ಒಂದು ತುದಿಯನ್ನು ಹಿಡಿದು ನೀರಿನ ಲೋಟಕ್ಕೆ ಅದ್ದಿದರು, ಮಗಳು ಆ ನೀರಿಗೆ ಕೊಳದ ಪರೀಕ್ಷೆಯ ಪಟ್ಟಿ ಇಳಿಬಿಟ್ಟಳು. ಪಟ್ಟಿ ನೇರಳೆಯಾಯಿತು. ಕಡುನೇರಳೆಯಾಯಿತು. ಅಷ್ಟು ಗಾಢ ಬಣ್ಣ ಪಟ್ಟಿಯ ಡಬ್ಬಿಯ ಮೇಲೂ ಅಚ್ಚಾಗಿರಲಿಲ್ಲ.

“ಅಯ್ಯಯ್ಯೋ!” ಎಂದರು ಅತ್ತೆ. “ಇದು ಮೀಸೆ ಅಲ್ಲ ಕಣೇ, ಇನ್ನೊಂದು ಈಜುಕೊಳ!”

ವರ್ಷಾನುಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಸುರಿದ ಪುಡಿಯ ದೂಳೆಲ್ಲ ಅಲ್ಲೇ ಬೀಡುಬಿಟ್ಟಿತ್ತು. ಮೂರು ಬೀದಿ ಆಚೆಯ ನಲ್ಲಿಯನ್ನು ಮೂಸಬಲ್ಲ ಮೂಗಿಗೆ ತನ್ನ ಕೆಳಗೇ ಹರಡಿಕೊಂಡಿದ್ದ ಈ ಗೋದಾಮು ಮಾತ್ರ ತಿಳಿದಿರಲಿಲ್ಲ. ಎದ್ದ ಕೊಳದಯ್ಯ ಪಟ್ಟಿ ನೋಡಿದ, ಮೀಸೆ ಮುಟ್ಟಿದ, ಮತ್ತೆ ಪಟ್ಟಿ ನೋಡಿದ. ಇಂಗು ತಿಂದ ಮಂಗನಂತಾಯಿತು ಮುಖ.

ಶಾಂಪೂ ಹಾಕಿದರು. ಬಟ್ಟೆ ಸೋಪು ಹಾಕಿದರು. ಮೂವರೂ ಸೇರಿ ಬಕೆಟ್ಟಿನಲ್ಲಿ ನೆನೆಹಾಕಿ, ಜಾಲಿಸಿ, ಹಿಂಡಿ, ತಂತಿಗೆ ಹರವಿದರು. ಒಣಗುವ ತನಕ ಕೊಳದಯ್ಯ ತಂತಿಯ ಕೆಳಗೇ ನಿಂತಿದ್ದ. ಪಟ್ಟಿ ಮತ್ತೆ ನೇರಳೆ.

“ಬೇರಿಗೇ ಇಳಿದುಬಿಟ್ಟಿದೆ” ಎಂದಳು ಹೆಂಡತಿ. “ನೀವು ಡ್ರಮ್ಮಿನ ಹತ್ತಿರ ಹೋಗದೇ ಇದ್ರೆ ಆಯ್ತಪ್ಪ.”

ಹೇಳುವುದು ಸುಲಭ. ಕೊಳದಯ್ಯ ಸಂಜೆಯ ಚಹಾದಿಂದ ಊಟದ ತನಕವೂ ತಡೆಯಲಾರದೆ ಹೋದ. ತುದಿಗಳನ್ನು ಕಿವಿಗೆ ದಾರದಲ್ಲಿ ಕಟ್ಟಿಕೊಂಡು ಬಗ್ಗಿ ನೋಡಿದ. ದಾರ ಬಿಚ್ಚಿಕೊಂಡು ಎರಡೂ ಪ್ಲುಂ ಎಂದು ನೀರಿಗೆ ಬಿದ್ದವು. ಬೆಳಿಗ್ಗೆ ನೋಡಿದರೆ ಅಳಿಯ ಒಂದು ಮಗ್ಗುಲಾಗಿ ವಾಲಿಕೊಂಡು, ಅವನ ಹೆಜ್ಜೆ ಸಪ್ಪಳಕ್ಕೆ ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು.

ಕೊಳದಯ್ಯ ಮೀಸೆಯನ್ನು ಎರಡೂ ಕೈಯಲ್ಲಿ ಒಮ್ಮೆ ಸವರಿಕೊಂಡ. ಚಪ್ಪಲಿ ಮೆಟ್ಟಿದ.

“ಎಲ್ಲಿಗೆ ರೀ?”

“ನಿನ್ನ ತಮ್ಮನ ಶಾಪಿಗೆ. ನೀನೂ ಬಾ. ಒಂದು ಡಬ್ಬಿ ತಗೋ. ಅವನ ತೊಟ್ಟೀಲಿ ಆ ಗಬ್ಬು ಸ್ಪಂಜಿದೆಯಲ್ಲ…”

ಹೆಂಡತಿಯ ಕಣ್ಣು ಫಳಕ್ಕೆಂದಿತು. “ಅದರ ತುಂಬಾ ನಮಗೆ ಬೇಕಾದ ಜೀವಗಳೇ! ಜಾಡಿಯಿಂದ ಹೆಪ್ಪು ತಂದ ಹಾಗೆ!”

ಭಾವನನ್ನು ಬಾಗಿಲಲ್ಲಿ ಕಂಡ ಭಾವಮೈದನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಬಂದ್ರಾ ಭಾವ! ನನಗೆ ಗೊತ್ತಿತ್ತು, ಗೊತ್ತಿತ್ತು! ರೀ, ಏಳ್ರೀ ಮೇಲೆ” ಎಂದು ಕುರ್ಚಿಯಲ್ಲಿದ್ದ ಗಿರಾಕಿಯನ್ನು ನೊರೆ ಸಮೇತ ಎಬ್ಬಿಸಿದ. ಸುದ್ದಿ ಹಬ್ಬಿ ಬೀದಿಗೆ ಬೀದಿಯೇ ಶಾಪಿನೊಳಗೆ ತೂರಿಕೊಂಡಿತು. ಜಾಗ ಸಾಲದೆ ಕೆಲವರು ಕನ್ನಡಿಯೊಳಗೆ ನಿಂತು ನೋಡಿದರು.

“ಕತ್ತಿ ಹಿಡಿ. ಮಾತು ಆಮೇಲೆ” ಎಂದ ಕೊಳದಯ್ಯ ಕಣ್ಣು ಮುಚ್ಚಿಕೊಂಡು.

ಎಡಭಾಗ ಬಿದ್ದಾಗ ಅಂಗಡಿಯ ನೆಲ ಅದುರಿತು. ನಡುವೆ ಚಹಾಕ್ಕೊಂದು ವಿರಾಮ. ಬಲಭಾಗಕ್ಕೆ ಕೈಹಾಕುವಾಗ ಹೆಂಡತಿ ಮೆಲ್ಲಗೆ, “ತಮ್ಮಾ, ನಿನ್ನ ತೊಟ್ಟಿ ಸ್ಪಂಜು ನೋಡೋಕಾಗಲ್ಲ. ಅರ್ಧ ಕತ್ತರಿಸಿ ಒಯ್ಯಲಾ? ಒಂದು ಹಿಡಿ ಕಲ್ಲೂ?” ಎಂದಳು.

“ಒಯ್ಯಕ್ಕ, ಒಯ್ಯಿ! ಇವತ್ತು ನನ್ನ ಪ್ರಾಣ ಕೇಳಿದ್ರೂ ಕೊಡ್ತೀನಿ!”

ಸ್ಪಂಜು ಒಣಗದಂತೆ ಅದೇ ತೊಟ್ಟಿಯ ನೀರಿನ ಸಮೇತ ಡಬ್ಬಿಗಿಳಿಯಿತು. ಬಲಭಾಗವೂ ಬಿತ್ತು. ಕೊಳದಯ್ಯ ಕಣ್ಣು ತೆರೆದು, ಕನ್ನಡಿಯಲ್ಲಿದ್ದ ಅಪರಿಚಿತನಿಗೆ ಅಭ್ಯಾಸಬಲದಿಂದ ನಮಸ್ಕಾರ ಮಾಡಿ, ಟವೆಲ್ ಕೊಡವಿ ಎದ್ದ.

“ಬರ್ತೀನಿ ಕಣೋ. ಹುಟ್ಟುಹಬ್ಬಕ್ಕೆ ಕತ್ತಿ ಹರಿತ ಮಾಡ್ಕೊಂಡು ಬಾ. ನಿನ್ನ ಕ್ರಾಪಿಗೆ ಬೇಕಾಗುತ್ತೆ.”

“ಏನು? ನೀವು ಸೋತ್ರಲ್ಲ ಭಾವ!”

“ಯಾವಾಗ ಸೋತೆ? ಆರೂ ಮೀನು ಬದುಕಿವೆ, ಹುಟ್ಟುಹಬ್ಬ ಇನ್ನೂ ಬಂದಿಲ್ಲ. ಸೋತರೆ ಬೋಳಿಸ್ಕೋಬೇಕು ಅಂತ ಮಾತಾಗಿತ್ತು. ಬೋಳಿಸ್ಕೊಂಡ್ರೆ ಸೋತ ಹಾಗೆ ಅಂತ ಎಲ್ಲಾಗಿತ್ತೋ?”

ಭಾವಮೈದನ ಕೈಯಲ್ಲಿದ್ದ ಮೀಸೆ ಜಾರಿ ಚೌಕಟ್ಟಿನ ಹೊರಗೇ ಬಿದ್ದಿತು.

ಮರುದಿನ ಕೊಳದ ಕಾವಲುಗಾರ ಕೊಳದಯ್ಯನನ್ನು ಗೇಟಿನಲ್ಲೇ ತಡೆದು ಟಿಕೆಟ್ ಕೇಳಿದ. ಪಡ್ಡೆಗಳು ಅವನ ಹೆಗಲ ಮೇಲೆ ಕಾಲಿಟ್ಟು ನೀರಿಗೆ ಹಾರಿದರು. ಕೊಳದಯ್ಯ ಎಲ್ಲ ನುಂಗಿಕೊಂಡ. ಸಂಜೆ ಮುಖ ತೊಳೆದು, ಬೋಳು ತುಟಿಯನ್ನು ನೀರಿನ ಮೇಲಿಟ್ಟು ಅಳಿಯನೊಡನೆ ಮಾತಾಡಿದ. ಅರ್ಧ ಸ್ಪಂಜು ಡ್ರಮ್ಮಿನಲ್ಲಿ, ಒಂದು ಹಿಡಿ ಕೊಳಕು ಕಲ್ಲು ತಟ್ಟೆಯಲ್ಲಿ. ದಿನಾ ಚೂರೇ ಚೂರು ಮೀನೂಟ, ಬೇಕೆನಿಸಿದಾಗ ಒಂದಿಷ್ಟು ನೀರು ಬದಲು, ಉಳಿದಂತೆ ಕೈಕಟ್ಟಿ ಕೂರುವ ಕೆಲಸ. ಅವನು ಜನ್ಮದಲ್ಲೇ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಹಸಿರು ಹನಿ ತೆಳುವಾಯಿತು. ಆಮೇಲೆ ತಂದ ನೈಟ್ರೈಟ್ ಪರೀಕ್ಷೆಯ ಹನಿ ಸ್ವಲ್ಪ ಕಾಲ ನೇರಳೆಗೆ ಏರಿ ಅಪಾಯ ತೋರಿಸಿ ಮತ್ತೆ ಕ್ಷೇಮದ ತಿಳಿನೀಲಿಗೆ ಇಳಿಯಿತು. ಅಮೋನಿಯಾದ ಹನಿ ಒಂದು ಬೆಳಿಗ್ಗೆ ನಿಂಬೆಹಣ್ಣಿನಂತೆ ಹಳದಿಯಾದಾಗ ಕೊಳದಯ್ಯ ಅತ್ತೆಯ ಕೈ ಹಿಡಿದು ಬಾಲ್ಕನಿಯಲ್ಲಿ ಗಿರಗಿರನೆ ಸುತ್ತಿದ.

“ಬಿಡಿ ಅಳಿಯಂದ್ರೇ, ಹುಟ್ಟುಹಬ್ಬದ ತನಕ ಉಳೀಬೇಕು ನಾನು!”

ಇನ್ನು ಲೆಟ್ಯೂಸು! ಕಾಮಾಲೆ ಬಿಟ್ಟು ಎದ್ದದ್ದೇ ತಡ, ಬೆಳೆಯುವ ಸದ್ದಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಒಂದೊಂದು ಎಲೆಯೂ ಒಂದೊಂದು ಕೊಡೆ.

ಹುಟ್ಟುಹಬ್ಬದ ದಿನ ಹೆಂಡತಿ ಬೇಕರಿಯಲ್ಲಿ ಸುಟ್ಟು ತಂದ ಬ್ರೆಡ್ಡಿನ ನಡುವೆ ಆ ಎಲೆಯನ್ನು ಮಡಿಸಿ ಮಡಿಸಿ ತುರುಕಿ ಅತ್ತೆಯ ಮುಂದಿಟ್ಟರು. ಭಾವಮೈದ ಡ್ರಮ್ಮಿನೊಳಗೆ ತಲೆಹಾಕಿ ಮೀನು ಎಣಿಸಿದ. ಆರು. ಮತ್ತೆ ಎಣಿಸಿದ. ಆರೇ. ಅಳಿಯ ಅವನ ಮುಖಕ್ಕೆ ಬಾಲದಿಂದ ನೀರು ಚಿಮುಕಿಸಿತು. ಭಾವಮೈದ ಓಡಿಬಂದು ತಾಯಿಯ ಕಾಲ ಬಳಿ ಕೂತ.

“ಅಮ್ಮಾ, ಕಹಿ ಇದೆ ಅಂತ ಹೇಳಮ್ಮ. ನಿನ್ನ ಹೊಟ್ಟೇಲಿ ಹುಟ್ಟಿದ ಮಗ ನಾನು.”

ಅತ್ತೆ ಅಗಿದರು. ಕರುಂ ಕರುಂ ಎಂಬ ಸದ್ದು ಮುಖ್ಯರಸ್ತೆಯ ತನಕ ಕೇಳಿಸಿತು. ನಿಧಾನವಾಗಿ ನುಂಗಿ, ಬಾಯೊರೆಸಿಕೊಂಡು, ತಮ್ಮ ಕುರ್ಚಿಯಿಂದ ಎದ್ದು ಅದನ್ನು ತೋರಿಸಿದರು.

“ಕೂತ್ಕೋ ಮಗನೇ. ನನ್ನ ಕುರ್ಚೀನೇ ಕೊಡ್ತೀನಿ. ಅಳಿಯಂದ್ರೇ, ಹಿಂದಿನಿಂದ ಶುರು ಮಾಡಿ.”

ಆ ಸಂಜೆ ಬಾಡಿಗೆಗೆಂದು ಬಂದ ಪಾರಿವಾಳಗಳು ನುಣ್ಣನೆಯ ತಲೆಯ ಮೇಲೆ ಕಾಲೂರಲಾಗದೆ ಜಾರಿ ಜಾರಿ ವಾಪಸು ಹೋದವು.

ಮೀಸೆ ಈಗ ಮತ್ತೆ ಬಂದಿದೆ, ಮೊದಲಿಗಿಂತ ಉದ್ದ. ಆದರೆ ಕೊಳಕ್ಕೆ ಹೋಗುವಾಗ ಕೊಳದಯ್ಯ ಅದಕ್ಕೆ ಬೇಕರಿಯ ಬ್ರೆಡ್ ಕವರು ತೊಡಿಸಿ, ಕಿವಿಗೆ ರಬ್ಬರ್ ಬ್ಯಾಂಡು ಹಾಕಿಕೊಳ್ಳುತ್ತಾನೆ. ಅದು ಗಾಳಿಗೆ ಪರಪರ ಸದ್ದು ಮಾಡಿದರೆ ಪಡ್ಡೆಗಳು ಮೊದಲಿನ ಎರಡರಷ್ಟು ನಡುಗುತ್ತಾರೆ. ಸಂಜೆ ಮನೆಯ ಬಾಗಿಲಲ್ಲಿ ಹೆಂಡತಿ ಲೋಟ ಹಿಡಿದು ನಿಂತಿರುತ್ತಾಳೆ. ಕವರು ಕಳಚಿ ತುದಿಯನ್ನು ಅದ್ದಬೇಕು, ಅತ್ತೆ ಪಟ್ಟಿ ಇಳಿಬಿಟ್ಟು ಬೆಳಕಿಗೆ ಹಿಡಿಯಬೇಕು.

“ಬಿಳಿ! ಒಳಗೆ ಬನ್ನಿ ಅಳಿಯಂದ್ರೇ” ಎನ್ನುತ್ತಾರೆ ಅತ್ತೆ.

ಕರೆದದ್ದು ತನ್ನನ್ನೇ ಎಂದುಕೊಂಡು, ಬಾಲ್ಕನಿಯಲ್ಲಿ ದಪ್ಪನೆಯ ಮೀನೊಂದು ನೀರಿನಿಂದ ತಲೆಯೆತ್ತಿ ಬಾಲ ಕುಣಿಸುತ್ತದೆ.